ರಿಪೋರ್ಟಿನಲ್ಲಿ ಕಾರ್ಟಿಸಾಲ್ ‘ಹೈ’ ಅಂತ ಬಂದರೆ: ಒಟ್ಟು ಎಷ್ಟು, ಕೆಲಸ ಮಾಡುವುದು ಎಷ್ಟು?

ಕಾರ್ಟಿಸಾಲ್ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ರೀಲ್ಸ್ ನೋಡಿದರೆ ಮುಖ ಊದಿಕೊಂಡವರಿಗೆ ‘ಕಾರ್ಟಿಸಾಲ್ ಫೇಸ್’, ಹೊಟ್ಟೆ ಬಂದವರಿಗೆ ‘ಕಾರ್ಟಿಸಾಲ್ ಬೆಲ್ಲಿ’. ಲ್ಯಾಬುಗಳ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲೂ ಸಕ್ಕರೆ, ಥೈರಾಯ್ಡ್, ವಿಟಮಿನ್ ಡಿ ಸಾಲಿಗೆ ಇದು ಸೇರಿಕೊಳ್ಳುತ್ತಿದೆ. ಮೊಬೈಲಿಗೆ ಪಿಡಿಎಫ್ ಬರುತ್ತದೆ. ಕಾರ್ಟಿಸಾಲ್ ಎದುರು 34 ಅಂತ ಇರುತ್ತದೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಗೂಗಲ್ ಮಾಡಿ, ನಿದ್ದೆಗೆಡುವವರು ಬಹಳ ಜನ.

ಆ 34 ಸುಳ್ಳಲ್ಲ. ಆದರೆ ಅದು ರಕ್ತದಲ್ಲಿರುವ ಒಟ್ಟು ಕಾರ್ಟಿಸಾಲ್. ಅದರಲ್ಲಿ ಆ ಹೊತ್ತಿನಲ್ಲಿ ಕೆಲಸಕ್ಕೆ ಸಿಗುವುದು ನೂರಕ್ಕೆ ಐದರ ಆಸುಪಾಸು ಮಾತ್ರ. ಆ ಸಣ್ಣ ಪಾಲಿಗೆ ‘ಫ್ರೀ ಕಾರ್ಟಿಸಾಲ್’ ಎನ್ನುತ್ತಾರೆ. ದೇಹಕ್ಕೆ ಮುಖ್ಯವಾದದ್ದು ಇದು. ಸಾಮಾನ್ಯ ರಿಪೋರ್ಟಿನಲ್ಲಿ ಕಾಣದೇ ಇರುವುದೂ ಇದೇ. ಈ ಎರಡರ ವ್ಯತ್ಯಾಸ ಗೊತ್ತಾದರೆ ರಿಪೋರ್ಟಿನ ಅರ್ಧ ಭಯ ಹೋಗುತ್ತದೆ. ಜೊತೆಗೆ, ನಿಜವಾಗಿ ಹೆದರಬೇಕಾದ ಸಂದರ್ಭ ಯಾವುದು ಅಂತಲೂ ತಿಳಿಯುತ್ತದೆ.

ಕಾರ್ಟಿಸಾಲ್ ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ

ಎರಡೂ ಕಿಡ್ನಿಗಳ ತಲೆಯ ಮೇಲೆ ಒಂದೊಂದು ಚಿಕ್ಕ ಗ್ರಂಥಿ ಇದೆ. ಹೆಸರು ಅಡ್ರಿನಲ್. ಅದರ ಹೊರಪದರದಲ್ಲಿ ಕೊಲೆಸ್ಟರಾಲ್‌ನಿಂದ ಕಾರ್ಟಿಸಾಲ್ ತಯಾರಾಗುತ್ತದೆ. ತಯಾರಿಸು ಎಂಬ ಅಪ್ಪಣೆ ಬರುವುದು ಮಾತ್ರ ತಲೆಯಿಂದ. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿಯು ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಅಡ್ರಿನಲ್ ತಲುಪಿದಾಗ ಕಾರ್ಟಿಸಾಲ್ ಹೊರಬರುತ್ತದೆ. ರಕ್ತದಲ್ಲಿ ಫ್ರೀ ಕಾರ್ಟಿಸಾಲ್ ಸಾಕಷ್ಟು ಆಯಿತು ಅಂದಾಗ ಮೆದುಳು ಮತ್ತು ಪಿಟ್ಯುಟರಿ ಅದನ್ನು ಗಮನಿಸಿ ಅಪ್ಪಣೆ ನಿಲ್ಲಿಸುತ್ತವೆ.

ಒತ್ತಡದ ಹಾರ್ಮೋನ್ ಅಂತ ಕರೆದು ಕರೆದು ಇದಕ್ಕೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ಕಾರ್ಟಿಸಾಲ್ ಇಲ್ಲದೆ ಮನುಷ್ಯ ಬದುಕಲಾರ. ಊಟ ಇಲ್ಲದ ಹೊತ್ತಿನಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುತ್ತದೆ. ಬಿಪಿ ಬೀಳದಂತೆ ಹಿಡಿಯುತ್ತದೆ. ಸೋಂಕು ಬಂದಾಗ ದೇಹದ ರಕ್ಷಣಾ ವ್ಯವಸ್ಥೆ ಅತಿರೇಕಕ್ಕೆ ಹೋಗದಂತೆ ತಡೆಯುತ್ತದೆ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್, ದಿನೇ ದಿನೇ ಸೊರಗಿ, ಚರ್ಮ ಕಪ್ಪಾಗಿ ಸಾಯುತ್ತಿದ್ದ ರೋಗಿಗಳ ಅಡ್ರಿನಲ್ ಗ್ರಂಥಿ ಹಾಳಾಗಿರುವುದನ್ನು ಬರೆದಿಟ್ಟರು. ಆಗ ಯಾರಿಗೂ ಕಾರ್ಟಿಸಾಲ್ ಗೊತ್ತಿರಲಿಲ್ಲ. ಅಡ್ರಿನಲ್‌ನ ಈ ಹಾರ್ಮೋನುಗಳನ್ನು ಬೇರ್ಪಡಿಸಿ, ಔಷಧಿಯಾಗಿ ಬಳಸಿ ತೋರಿಸಿದ ಕೆಂಡಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಬಂತು.

ಸೀಟಿನಲ್ಲಿ ಕೂತವರು, ನಿಂತವರು, ಇಳಿದವರು

ಕಾರ್ಟಿಸಾಲ್ ಕೊಬ್ಬಿನ ಜಾತಿಯ ಅಣು. ನೀರಿನಂಥ ರಕ್ತದಲ್ಲಿ ಸರಾಗವಾಗಿ ಕರಗುವುದಿಲ್ಲ. ಹಾಗಾಗಿ ಅದನ್ನು ಹೊತ್ತುಕೊಂಡು ಹೋಗಲು ಪ್ರೋಟೀನುಗಳಿವೆ. ಇದನ್ನು ಒಂದು ಬಸ್ಸಿನಂತೆ ನೋಡಿದರೆ ಮುಂದಿನದ್ದೆಲ್ಲ ಸಲೀಸು.

ಬಸ್ಸಿನ ಸೀಟುಗಳೆಂದರೆ ಸಿಬಿಜಿ ಎಂಬ ಪ್ರೋಟೀನ್. ಕಾರ್ಟಿಕೋಸ್ಟೀರಾಯ್ಡ್ ಬೈಂಡಿಂಗ್ ಗ್ಲೋಬ್ಯುಲಿನ್ ಅಂತ ಅದರ ಪೂರ್ತಿ ಹೆಸರು. ಇದು ತಯಾರಾಗುವುದು ಲಿವರಿನಲ್ಲಿ. ಒಂದು ಸಿಬಿಜಿ ಅಣು ಒಂದೇ ಒಂದು ಕಾರ್ಟಿಸಾಲ್ ಅಣುವನ್ನು ಹಿಡಿಯುತ್ತದೆ, ಅದೂ ಬಿಗಿಯಾಗಿ. ರಕ್ತದ ಕಾರ್ಟಿಸಾಲ್‌ನಲ್ಲಿ ನೂರಕ್ಕೆ 80ರಿಂದ 90 ಪಾಲು ಹೀಗೆ ಸೀಟು ಹಿಡಿದು ಕೂತಿರುತ್ತದೆ. ಇನ್ನು 5ರಿಂದ 10 ಪಾಲು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಅವರು ಕಂಬಿ ಹಿಡಿದು ನಿಂತವರು. ಯಾವಾಗ ಬೇಕಾದರೂ ಇಳಿಯಬಹುದು. ಉಳಿದ ಚೂರು ಪಾಲು ಬಸ್ಸಿನಿಂದ ಇಳಿದು ರಸ್ತೆಯಲ್ಲಿ ನಡೆಯುತ್ತಿರುತ್ತದೆ. ಅದೇ ಫ್ರೀ ಕಾರ್ಟಿಸಾಲ್.

ಮನೆಯ ಬಾಗಿಲು ತಟ್ಟಲು ಆಗುವುದು ಇಳಿದವರಿಗೆ ಮಾತ್ರ. ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವ ಕಾರ್ಟಿಸಾಲ್ ಅದು. ಸೀಟಿನಲ್ಲಿ ಕೂತವರು ಸದ್ಯಕ್ಕೆ ದಾಸ್ತಾನು ಅಷ್ಟೆ. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಸಾಮಾನ್ಯ ‘ಸೀರಂ ಕಾರ್ಟಿಸಾಲ್’ ಪರೀಕ್ಷೆ ಕೂತವರು, ನಿಂತವರು, ಇಳಿದವರು ಎಲ್ಲರನ್ನೂ ಸೇರಿಸಿ ಎಣಿಸಿ ಒಂದೇ ಸಂಖ್ಯೆ ಕೊಡುತ್ತದೆ.

ಸೀಟುಗಳಿಗೆ ಒಂದು ಮಿತಿ ಇದೆ. ಆರೋಗ್ಯವಂತರಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸರಿಸುಮಾರು 20ರಿಂದ 25 ಮೈಕ್ರೋಗ್ರಾಂ ಕಾರ್ಟಿಸಾಲ್‌ಗೆ ಸಿಬಿಜಿಯಲ್ಲಿ ಜಾಗ ಸಿಗುತ್ತದೆ. ಅಲ್ಲಿಯವರೆಗೆ ಒಟ್ಟು ಸಂಖ್ಯೆ ಏರಿದರೂ ಫ್ರೀ ಪಾಲು ಮೆಲ್ಲಗೆ ಏರುತ್ತದೆ. ಸೀಟೆಲ್ಲ ತುಂಬಿದ ಮೇಲೆ ಬಂದವರಿಗೆ ನಿಲ್ಲುವುದು ಅಥವಾ ನಡೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ಫ್ರೀ ಕಾರ್ಟಿಸಾಲ್ ದಿಢೀರನೆ ಏರುತ್ತದೆ. ದೊಡ್ಡ ಆಪರೇಷನ್, ತೀವ್ರ ಸೋಂಕು, ಅಪಘಾತದಂಥ ಸಮಯದಲ್ಲಿ ಒಟ್ಟು ಕಾರ್ಟಿಸಾಲ್ ಎರಡು ಪಟ್ಟಾದರೆ ಫ್ರೀ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ ಆಗುವುದು ಇದಕ್ಕೇ.

ಈ ಸೀಟಿನ ವ್ಯವಸ್ಥೆಯಲ್ಲಿ ನನಗೆ ಬಹಳ ಸೋಜಿಗ ಅನ್ನಿಸುವ ಸಂಗತಿ ಒಂದಿದೆ. ದೇಹದ ಯಾವುದಾದರೂ ಜಾಗದಲ್ಲಿ ಸೋಂಕಾಗಿ ಉರಿಯೂತ ಶುರುವಾದರೆ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಅವು ಹೊರಬಿಡುವ ಒಂದು ಕಿಣ್ವ ಸಿಬಿಜಿಯನ್ನು ಕತ್ತರಿಸುತ್ತದೆ. ಸೀಟು ಮುರಿದು ಕಾರ್ಟಿಸಾಲ್ ಅಲ್ಲೇ ಇಳಿಯುತ್ತದೆ, ಎಲ್ಲಿ ಬೇಕಿತ್ತೋ ಸರಿಯಾಗಿ ಅಲ್ಲೇ. ಜ್ವರ ಬಂದು ಮೈ ಬಿಸಿಯಾದಾಗಲೂ ಸಿಬಿಜಿಯ ಹಿಡಿತ ಸಡಿಲವಾಗುತ್ತದೆ, ಇಳಿಯುವವರು ಹೆಚ್ಚುತ್ತಾರೆ. ರಕ್ತದ ಒಟ್ಟು ಲೆಕ್ಕದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಒಟ್ಟು ಸಂಖ್ಯೆ ದಾರಿ ತಪ್ಪಿಸುವುದು ಯಾವಾಗ

ಸೀಟುಗಳ ಸಂಖ್ಯೆ ಎಲ್ಲರಲ್ಲೂ ಒಂದೇ ಇದ್ದಿದ್ದರೆ ಒಟ್ಟು ಅಳತೆಯೇ ಸಾಕಿತ್ತು. ಬಹುಪಾಲು ಜನರಲ್ಲಿ ಅದು ಸಾಕು ಕೂಡ. ತೊಂದರೆ ಬರುವುದು ಸೀಟು ಹೆಚ್ಚಾದಾಗ ಅಥವಾ ಕಡಿಮೆಯಾದಾಗ.

ಈಸ್ಟ್ರೋಜೆನ್ ಹಾರ್ಮೋನ್ ಲಿವರಿಗೆ ಇನ್ನಷ್ಟು ಸಿಬಿಜಿ ತಯಾರಿಸಲು ಹೇಳುತ್ತದೆ. ಮಾಲಾ-ಎನ್, ಮಾಲಾ-ಡಿಯಂಥ ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಇದೆ. ಪಿಸಿಓಡಿಗೆ, ಮುಟ್ಟಿನ ಏರುಪೇರಿಗೆ, ಮೊಡವೆಗೆ ಬರೆದುಕೊಡುವ ಹಲವು ಹಾರ್ಮೋನ್ ಮಾತ್ರೆಗಳಲ್ಲೂ ಇದೆ. ಇವನ್ನು ತೆಗೆದುಕೊಳ್ಳುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳೋಣ. ಬೆಳಗ್ಗೆ 8 ಗಂಟೆಗೆ ರಕ್ತ ಕೊಟ್ಟಿದ್ದಾರೆ. ಒಟ್ಟು ಕಾರ್ಟಿಸಾಲ್ 34. ಲ್ಯಾಬಿನ ಮಿತಿ 5ರಿಂದ 25. ನೋಡಿದವರಿಗೆ ಗಾಬರಿ ಆಗಲೇಬೇಕು. ಆದರೆ ಅವರ ರಕ್ತದಲ್ಲಿ ಸೀಟುಗಳೇ ದುಪ್ಪಟ್ಟಾಗಿವೆ. ಹೆಚ್ಚುವರಿ ಕಾರ್ಟಿಸಾಲ್ ಅಲ್ಲಿ ಕೂತಿದೆ. ರಸ್ತೆಗಿಳಿದು ನಡೆಯುತ್ತಿರುವವರು ಮೊದಲಿನಷ್ಟೇ. ಫ್ರೀ ಕಾರ್ಟಿಸಾಲ್ ಅಳೆದರೆ ನಾರ್ಮಲ್ ಬರುವ ಸಾಧ್ಯತೆ ಹೆಚ್ಚು. ಆಕೆಗೆ ಕಾರ್ಟಿಸಾಲ್ ಕಾಯಿಲೆ ಇಲ್ಲ. ಆಕೆ ಬರೀ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಕಾರ್ಟಿಸಾಲ್ ಜಾಸ್ತಿ ಇದೆಯೇ ಎಂಬ ಅನುಮಾನ ನಿಜವಾಗಿಯೂ ಇದ್ದರೆ, ಈ ಮಾತ್ರೆಗಳನ್ನು ಸುಮಾರು ಆರು ವಾರ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಲು ವೈದ್ಯರು ಹೇಳುವುದುಂಟು. ಸಿಬಿಜಿ ಹಳೆಯ ಮಟ್ಟಕ್ಕೆ ಇಳಿಯಲು ಅಷ್ಟು ಸಮಯ ಬೇಕು. ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಪ್ರೊಜೆಸ್ಟರಾನ್ ಮಾತ್ರ ಇರುವ ಮಾತ್ರೆಗಳಿಂದ ಈ ಗೊಂದಲ ಆಗುವುದಿಲ್ಲ.

ಬಸುರಿಯರಲ್ಲೂ ಇದೇ ಕಥೆ. ಕೊನೆಯ ತಿಂಗಳುಗಳಲ್ಲಿ ಒಟ್ಟು ಕಾರ್ಟಿಸಾಲ್ ಎರಡು ಮೂರು ಪಟ್ಟು ಏರುತ್ತದೆ. ಅದರಲ್ಲಿ ದೊಡ್ಡ ಪಾಲು ಸಿಬಿಜಿಯ ಏರಿಕೆ. ಆದರೆ ಬಸುರಿನಲ್ಲಿ ಫ್ರೀ ಪಾಲು ಕೂಡ ಸ್ವಲ್ಪ ಏರುತ್ತದೆ, ಅದು ಸಹಜ. ಬಸುರಿಯ ರಿಪೋರ್ಟನ್ನು ಬೇರೆಯವರ ಮಿತಿಗೆ ಹೋಲಿಸುವುದೇ ತಪ್ಪು.

ಈಗ ಇದರ ಉಲ್ಟಾ ನೋಡೋಣ. ಇದು ಇನ್ನೂ ಗಂಭೀರ. ಲಿವರ್ ಸಿರೋಸಿಸ್ ಆದವರಲ್ಲಿ ಸಿಬಿಜಿ, ಆಲ್ಬುಮಿನ್ ಎರಡೂ ಸರಿಯಾಗಿ ತಯಾರಾಗುವುದಿಲ್ಲ. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆಯಲ್ಲಿ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಐಸಿಯುನಲ್ಲಿ ತೀವ್ರ ಸೋಂಕಿನಿಂದ ಮಲಗಿದವರಲ್ಲಿ ಎರಡೂ ಪ್ರೋಟೀನುಗಳು ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಇವರ ಒಟ್ಟು ಕಾರ್ಟಿಸಾಲ್ ಕಡಿಮೆ ಬರುತ್ತದೆ. ನೋಡಿದ ಕೂಡಲೇ ‘ಅಡ್ರಿನಲ್ ಕೈಕೊಟ್ಟಿದೆ, ಸ್ಟೀರಾಯ್ಡ್ (ಕಾರ್ಟಿಸಾಲ್‌ನಂತೆ ಕೆಲಸ ಮಾಡುವ ಔಷಧಿ) ಕೊಡಬೇಕು’ ಎನ್ನುವ ತೀರ್ಮಾನಕ್ಕೆ ಬರುವುದು ಸುಲಭ.

2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ತೀವ್ರ ಅಸ್ವಸ್ಥರಾಗಿದ್ದ 66 ರೋಗಿಗಳ ರಕ್ತದಲ್ಲಿ ಒಟ್ಟು ಮತ್ತು ಫ್ರೀ ಕಾರ್ಟಿಸಾಲ್ ಎರಡನ್ನೂ ಅಳೆದರು. 36 ಜನರಲ್ಲಿ ಆಲ್ಬುಮಿನ್ ಡೆಸಿಲೀಟರ್‌ಗೆ 2.5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇತ್ತು. ಸಾಮಾನ್ಯವಾಗಿ ಅದು 3.5ಕ್ಕಿಂತ ಮೇಲಿರಬೇಕು. ಎಸಿಟಿಎಚ್ ಥರದ ಔಷಧಿ ಚುಚ್ಚಿ ಅಡ್ರಿನಲ್ಲನ್ನು ಕೆರಳಿಸಿದ ಮೇಲೂ ಆ 36 ಜನರಲ್ಲಿ ಹತ್ತಿರ ಹತ್ತಿರ ಶೇಕಡ 40ರಷ್ಟು ಮಂದಿಯ ಒಟ್ಟು ಕಾರ್ಟಿಸಾಲ್ ಮಿತಿಗಿಂತ ಕಡಿಮೆಯೇ ಬಂತು. ಫ್ರೀ ಕಾರ್ಟಿಸಾಲ್ ನೋಡಿದರೆ ಅವರ ಅಡ್ರಿನಲ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕಡಿಮೆಯಾಗಿದ್ದದ್ದು ಸೀಟು, ಇಳಿದು ನಡೆಯುವವರಲ್ಲ.

ಹುಟ್ಟಿನಿಂದಲೇ ಸಿಬಿಜಿ ಕಡಿಮೆ ಇರುವ ಕುಟುಂಬಗಳೂ ಇವೆ, ಬಹಳ ಅಪರೂಪ. ಅವರ ರಿಪೋರ್ಟಿನಲ್ಲಿ ಒಟ್ಟು ಕಾರ್ಟಿಸಾಲ್ ಯಾವಾಗಲೂ ಕಡಿಮೆ ಕಾಣುತ್ತದೆ.

ಕಾರ್ಟಿಸೋನ್: ಕೆಲಸ ನಿಲ್ಲಿಸಿದ ರೂಪ

ಫ್ರೀ ಆದ ಮಾತ್ರಕ್ಕೆ ಕಾರ್ಟಿಸಾಲ್ ಎಲ್ಲ ಕಡೆ ಕೆಲಸ ಮಾಡುತ್ತದೆ ಎಂದೂ ಅಲ್ಲ. ದೇಹ ಅದನ್ನು ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪಕ್ಕೆ ಬದಲಿಸಬಲ್ಲದು, ಅಲ್ಲಿಂದ ವಾಪಸ್ಸೂ ತರಬಲ್ಲದು. ಲಿವರಿನಲ್ಲಿ ಕಾರ್ಟಿಸೋನ್ ಮತ್ತೆ ಕಾರ್ಟಿಸಾಲ್ ಆಗುತ್ತದೆ. ಕಿಡ್ನಿಯಲ್ಲಿ ಕಾರ್ಟಿಸಾಲ್ ಕಾರ್ಟಿಸೋನ್ ಆಗುತ್ತದೆ. ಕಿಡ್ನಿಯಲ್ಲಿ ಹಾಗೆ ಆಗದಿದ್ದರೆ ಕಾರ್ಟಿಸಾಲ್ ಅಲ್ಲಿ ಉಪ್ಪು ಹಿಡಿದಿಡುವ ಇನ್ನೊಂದು ಹಾರ್ಮೋನಿನ ಕೆಲಸವನ್ನು ತಾನೇ ಮಾಡಲು ಶುರುಮಾಡಿ ಬಿಪಿ ಏರಿಸುತ್ತದೆ.

ಇದನ್ನು ಹೇಳಲು ಒಂದು ಕಾರಣವಿದೆ. ನಮ್ಮ ಮನೆಗಳಲ್ಲಿ ಕೆಮ್ಮು, ಗಂಟಲು ನೋವಿಗೆ ಬಳಸುವ ಜ್ಯೇಷ್ಠಮಧುವಿನಲ್ಲಿರುವ ಅಂಶ ಕಿಡ್ನಿಯ ಆ ಬದಲಾವಣೆಯನ್ನೇ ತಡೆಯುತ್ತದೆ. ಒಂದೆರಡು ದಿನ ಚೂರು ಜಗಿದರೆ ಚಿಂತೆಯಿಲ್ಲ. ವಾರಗಟ್ಟಲೆ, ಜಾಸ್ತಿ ಪ್ರಮಾಣದಲ್ಲಿ ಕಷಾಯ ಕುಡಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯಬಹುದು. ಕಾರ್ಟಿಸಾಲ್ ಪರೀಕ್ಷೆಯ ಮೊದಲು ವೈದ್ಯರಿಗೆ ಇದನ್ನು ಹೇಳಲೇಬೇಕು. ಮನೆಮದ್ದು ತಾನೇ ಅಂತ ಬಿಟ್ಟುಬಿಡುವವರೇ ಹೆಚ್ಚು.

ಇಳಿದವರನ್ನು ಮಾತ್ರ ಎಣಿಸುವುದು ಹೇಗೆ

ಒಟ್ಟು ಕಾರ್ಟಿಸಾಲ್ ಅಳೆಯುವುದು ಲ್ಯಾಬಿಗೆ ದಿನನಿತ್ಯದ ಕೆಲಸ. ಮಿಷಿನ್ನಿಗೆ ಹಾಕಿದರೆ ಒಂದು ಗಂಟೆಯೊಳಗೆ ಉತ್ತರ ಬರುತ್ತದೆ. ಫ್ರೀ ಕಾರ್ಟಿಸಾಲ್ ಹಾಗಲ್ಲ. ಮೊದಲು ಅದನ್ನು ಪ್ರೋಟೀನಿನಿಂದ ಬೇರ್ಪಡಿಸಬೇಕು. ಬೇರ್ಪಡಿಸುವ ಭರದಲ್ಲಿ ಕೂತವರನ್ನೂ ಎಬ್ಬಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇದಕ್ಕೆ ನಂಬಿಕೆಯ ವಿಧಾನ ಈಕ್ವಿಲಿಬ್ರಿಯಂ ಡಯಾಲಿಸಿಸ್. ಒಂದು ಚಿಕ್ಕ ಪಾತ್ರೆ, ನಡುವೆ ತೆಳು ಪೊರೆ. ಪೊರೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಕಾರ್ಟಿಸಾಲ್ ಅಣು ದಾಟಬಲ್ಲದು, ದೊಡ್ಡ ಪ್ರೋಟೀನ್ ದಾಟಲಾರದು. ಒಂದು ಕಡೆ ರೋಗಿಯ ಸೀರಂ, ಇನ್ನೊಂದು ಕಡೆ ಉಪ್ಪಿನಂಶ ಹದವಾಗಿರುವ ದ್ರಾವಣ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಇಡುತ್ತಾರೆ. ಫ್ರೀ ಕಾರ್ಟಿಸಾಲ್ ಮೆಲ್ಲಗೆ ಆಚೆ ದಾಟುತ್ತಾ, ಎರಡೂ ಕಡೆ ಸಮವಾಗುತ್ತದೆ. ಆಮೇಲೆ ಆಚೆ ಕಡೆಯ ದ್ರಾವಣವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಸೂಕ್ಷ್ಮ ಯಂತ್ರದಲ್ಲಿ ಅಳೆಯುತ್ತಾರೆ. ಉಷ್ಣತೆ 37 ಡಿಗ್ರಿಯಲ್ಲೇ ಇರಬೇಕು. ತಣ್ಣಗಾದರೆ ಸಿಬಿಜಿಯ ಹಿಡಿತ ಬಿಗಿಯಾಗಿ ಉತ್ತರ ಕಡಿಮೆ ಬರುತ್ತದೆ. ಅಲ್ಟ್ರಾಫಿಲ್ಟ್ರೇಷನ್ ಎಂಬ ಇನ್ನೊಂದು ವಿಧಾನದಲ್ಲಿ ಸೀರಂ ಅನ್ನು ಇಂಥದ್ದೇ ಪೊರೆಯ ಮೂಲಕ ವೇಗವಾಗಿ ತಿರುಗಿಸಿ ಸೋಸುತ್ತಾರೆ.

ಮೂರನೆಯದು ಲೆಕ್ಕದ ದಾರಿ. ಒಟ್ಟು ಕಾರ್ಟಿಸಾಲ್ ಮತ್ತು ಸಿಬಿಜಿ ಎರಡನ್ನೂ ಅಳೆದು ಸೂತ್ರ ಹಾಕಿ ಫ್ರೀ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ಆರೋಗ್ಯವಂತರಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಐಸಿಯು ರೋಗಿಗಳಲ್ಲಿ ಆಲ್ಬುಮಿನ್ ತೀರಾ ಇಳಿದಿದ್ದು, ಸಿಬಿಜಿಯೂ ಕತ್ತರಿಸಿಹೋಗಿರುವಾಗ ಅಂದಾಜು ಅಷ್ಟು ಗಟ್ಟಿಯಲ್ಲ.

ಇಷ್ಟೆಲ್ಲ ಕೆಲಸ ಇರುವುದರಿಂದ ಈ ಪರೀಕ್ಷೆ ಎಲ್ಲ ಲ್ಯಾಬುಗಳಲ್ಲಿ ಇಲ್ಲ. ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕು, ರಿಪೋರ್ಟಿಗೆ ದಿನಗಳು ಹಿಡಿಯುತ್ತವೆ, ಖರ್ಚೂ ಜಾಸ್ತಿ. ಬೆಳಗಿನ ಹೊತ್ತಿನ ಫ್ರೀ ಕಾರ್ಟಿಸಾಲ್ ಡೆಸಿಲೀಟರ್‌ಗೆ ಸುಮಾರು 0.1ರಿಂದ 1 ಮೈಕ್ರೋಗ್ರಾಂ ಇರುತ್ತದೆ. ಒಟ್ಟು ಕಾರ್ಟಿಸಾಲ್‌ನ ಮಿತಿಯ ಪಕ್ಕದಲ್ಲಿಟ್ಟು ನೋಡಿದರೆ ಬಹಳ ಚಿಕ್ಕ ಸಂಖ್ಯೆ. ಫ್ರೀ ಪರೀಕ್ಷೆಯ 0.6 ಅನ್ನು ಒಟ್ಟು ಪರೀಕ್ಷೆಯ 5–25ಕ್ಕೆ ಹೋಲಿಸಿ ‘ನನಗೆ ಕಾರ್ಟಿಸಾಲೇ ಇಲ್ಲ’ ಎಂದು ಹೆದರಬೇಡಿ. ವಿಧಾನ ಬದಲಾದರೆ ಮಿತಿಯೂ ಬದಲಾಗುತ್ತದೆ. ಹಾಗಾಗಿ ಅದೇ ರಿಪೋರ್ಟಿನ ಮೇಲೆ ಅಚ್ಚಾಗಿರುವ ಮಿತಿಯನ್ನೇ ನೋಡಿ. ಕೆಲವು ಲ್ಯಾಬುಗಳು ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. 1 ಮೈಕ್ರೋಗ್ರಾಂ/ಡೆಸಿಲೀಟರ್ ಎಂದರೆ 27.6 ನ್ಯಾನೋಮೋಲ್/ಲೀಟರ್.

ಎಂಜಲಿನಲ್ಲಿ, ಮೂತ್ರದಲ್ಲಿ ಸಿಗುವುದು ಫ್ರೀ ಪಾಲೇ

ದೊಡ್ಡ ಪ್ರೋಟೀನುಗಳು ಎಂಜಲಿಗೂ ಮೂತ್ರಕ್ಕೂ ಸುಲಭವಾಗಿ ದಾಟುವುದಿಲ್ಲ. ದಾಟುವುದು ಇಳಿದವರು ಮಾತ್ರ. ಹಾಗಾಗಿ ರಕ್ತದಲ್ಲಿ ಕಷ್ಟಪಟ್ಟು ಮಾಡುವ ಬೇರ್ಪಡಿಕೆಯನ್ನು ಇಲ್ಲಿ ದೇಹವೇ ಮಾಡಿಕೊಟ್ಟಿರುತ್ತದೆ. ಕಾರ್ಟಿಸಾಲ್ ಅತಿಯಾಗಿದೆಯೇ ಎಂದು ಪತ್ತೆಹಚ್ಚಲು ವೈದ್ಯರು ಹೆಚ್ಚಾಗಿ ಈ ಎರಡನ್ನು ಬಳಸುತ್ತಾರೆ.

ಎಂಜಲಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ರಾತ್ರಿ 11ರಿಂದ 12ರ ನಡುವೆ, ಲ್ಯಾಬ್ ಕೊಟ್ಟ ಚಿಕ್ಕ ಹತ್ತಿಯ ತುಂಡನ್ನು ಒಂದೆರಡು ನಿಮಿಷ ಬಾಯಲ್ಲಿಟ್ಟು ನೆನೆಸಿ ಟ್ಯೂಬಿಗೆ ಹಾಕಬೇಕು. ಸಾಮಾನ್ಯವಾಗಿ ಎರಡು ರಾತ್ರಿ ಮಾಡಿಸುತ್ತಾರೆ. ಅದಕ್ಕೆ ಸ್ವಲ್ಪ ಮೊದಲು ತಿನ್ನಬಾರದು, ಹಲ್ಲುಜ್ಜಬಾರದು. ವಸಡಿನಿಂದ ಒಂದು ಹನಿ ರಕ್ತ ಬೆರೆತರೂ ರಕ್ತದ ಕಾರ್ಟಿಸಾಲ್ ಸೇರಿ ಲೆಕ್ಕ ಏರುತ್ತದೆ. ಬೀಡಿ ಸಿಗರೇಟು ಬೇಡ. ಕೈಗೆ ಅಥವಾ ತುಟಿಗೆ ಹೈಡ್ರೋಕಾರ್ಟಿಸೋನ್ ಕ್ರೀಮ್ ಹಚ್ಚಿದ್ದರೆ ಅದರ ಲೇಶ ಸಾಕು, ಪರೀಕ್ಷೆ ಕೆಟ್ಟಂತೆ.

ಮೂತ್ರದ್ದು 24 ಗಂಟೆಯ ಸಂಗ್ರಹ. ಮೊದಲ ದಿನ ಎದ್ದಾಗಿನ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಎದ್ದಾಗಿನ ಮೂತ್ರದವರೆಗೆ ಪ್ರತಿ ಸಲದ್ದನ್ನೂ ಒಂದೇ ಕ್ಯಾನಿಗೆ ಹಾಕಬೇಕು. ಒಂದು ಸಲ ಮರೆತರೂ ಉತ್ತರ ಕಡಿಮೆ ಬರುತ್ತದೆ. ಕಿಡ್ನಿ ತೀರಾ ದುರ್ಬಲವಾಗಿರುವವರಲ್ಲಿ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ.

ಗಂಟೆ ಎಷ್ಟಾಗಿತ್ತು?

ಕಾರ್ಟಿಸಾಲ್ ದಿನವಿಡೀ ಒಂದೇ ಥರ ಇರುವುದಿಲ್ಲ. ನಸುಕಿನಲ್ಲಿ ಏರತೊಡಗಿ ಬೆಳಗ್ಗೆ 6ರಿಂದ 8ರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಎದ್ದ ಅರ್ಧ ಗಂಟೆಯಲ್ಲಿ ಇನ್ನೊಂದು ಸಣ್ಣ ಏರಿಕೆ ಇರುತ್ತದೆ. ಸಂಜೆಗೆ ಅರ್ಧದಷ್ಟಾಗಿ, ಮಧ್ಯರಾತ್ರಿಗೆ ತಳ ಮುಟ್ಟುತ್ತದೆ. ಬೆಳಗ್ಗೆ 8ಕ್ಕೆ 14 ಬಂದರೆ ಸಹಜ. ರಾತ್ರಿ 12ಕ್ಕೆ ಅದೇ 14 ಬಂದರೆ ಯೋಚಿಸಬೇಕಾದ ವಿಷಯ. ಸಂಖ್ಯೆ ಒಂದೇ, ಅರ್ಥ ಬೇರೆ. ರಕ್ತ ತೆಗೆದ ಸಮಯ ಬರೆಯದ ಕಾರ್ಟಿಸಾಲ್ ರಿಪೋರ್ಟು, ಅದು ಒಟ್ಟಾಗಲಿ ಫ್ರೀ ಆಗಲಿ, ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಈ ಲಯ ನಾವು ಮಲಗಿ ಏಳುವ ಸಮಯದ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡಿ ಬೆಳಗ್ಗೆ ಆರಕ್ಕೆ ಮನೆಗೆ ಬರುವವರು, ರಾತ್ರಿ ಪಾಳಿಯ ನರ್ಸುಗಳು, ಚಾಲಕರು, ಇವರಿಗೆಲ್ಲ ‘ಬೆಳಗ್ಗೆ 8ರ ಮಿತಿ’ ನೇರವಾಗಿ ಹೊಂದುವುದಿಲ್ಲ. ರಾತ್ರಿಯ ಎಂಜಲು ಪರೀಕ್ಷೆಯಂತೂ ಇವರಿಗೆ ಸರಿಯಾದ ಆಯ್ಕೆಯೇ ಅಲ್ಲ. ಪಾಳಿಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿದರೆ ಬೇರೆ ಪರೀಕ್ಷೆ ಆರಿಸುತ್ತಾರೆ.

ಔಷಧಿಗಳೂ ಲೆಕ್ಕ ಕೆಡಿಸುತ್ತವೆ. ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಕಾರ್ಟಿಸಾಲನ್ನು ಇಲ್ಲದಷ್ಟು ಜಾಸ್ತಿ ತೋರಿಸುತ್ತದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸಾಮಾನ್ಯ ಯಂತ್ರಗಳು ಕಾರ್ಟಿಸಾಲ್ ಎಂದೇ ತಪ್ಪಾಗಿ ಎಣಿಸಬಹುದು. ಮಾಸ್ ಸ್ಪೆಕ್ಟ್ರೋಮೆಟ್ರಿ ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ.

ಹಾಗಾದರೆ ಫ್ರೀ ಪರೀಕ್ಷೆ ಎಲ್ಲರಿಗೂ ಬೇಕಾ?

ಬೇಡ. ಮೈಕೈ ಸುಸ್ತು, ಕೆಲಸದ ಒತ್ತಡ, ಸ್ವಲ್ಪ ತೂಕ ಹೆಚ್ಚಿದೆ ಎನ್ನುವ ಕಾರಣಕ್ಕೆ ಒಟ್ಟು ಕಾರ್ಟಿಸಾಲ್ ಕೂಡ ಬೇಡ. ದಿನದ ಟೆನ್ಷನ್ನನ್ನು ಅಳೆಯುವ ಮೀಟರ್ ಅಲ್ಲ ಅದು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಓಡಿಬಂದು ರಕ್ತ ಕೊಟ್ಟರೂ, ಸೂಜಿ ಕಂಡು ಹೆದರಿದರೂ ಅದು ಏರುತ್ತದೆ. ಖಿನ್ನತೆ, ಕುಡಿತ, ಹತೋಟಿಗೆ ಬಾರದ ಡಯಾಬಿಟಿಸ್ ಇದ್ದಾಗಲೂ ಸ್ವಲ್ಪ ಜಾಸ್ತಿ ಇರಬಹುದು. ‘ಅಡ್ರಿನಲ್ ಫಟೀಗ್’ (ಅಡ್ರಿನಲ್ ದಣಿದಿದೆ) ಎಂಬ ಹೆಸರಿನಲ್ಲಿ ಪೌಡರು, ಕ್ಯಾಪ್ಸೂಲು ಮಾರುವವರಿದ್ದಾರೆ. ಹಾರ್ಮೋನ್ ತಜ್ಞರ ಸಂಘಟನೆಗಳು ಇದನ್ನು ಕಾಯಿಲೆ ಎಂದು ಒಪ್ಪಿಲ್ಲ.

ವೈದ್ಯರು ಕಾರ್ಟಿಸಾಲ್ ಬಗ್ಗೆ ಗಂಭೀರವಾಗಿ ಯೋಚಿಸುವುದು ಎರಡು ದಿಕ್ಕಿನಲ್ಲಿ. ಒಂದು, ಅತಿಯಾಗುವುದು. ಇದು ಕುಶಿಂಗ್ ಸಿಂಡ್ರೋಮ್. ಮುಖ ದುಂಡಗಾಗುವುದರ ಜೊತೆಗೆ ಹೊಟ್ಟೆ, ತೊಡೆಯ ಮೇಲೆ ಬೆರಳಗಲದ ನೇರಳೆ ಗೆರೆಗಳು, ಸುಮ್ನೆ ತಾಗಿದರೂ ಕಂದುಗಟ್ಟುವ ಚರ್ಮ, ಕೂತಲ್ಲಿಂದ ಕೈ ಊರದೆ ಏಳಲಾಗದಷ್ಟು ತೊಡೆಯ ನಿಶ್ಶಕ್ತಿ ಇರುತ್ತದೆ. ಬರೀ ಮುಖ ಊದಿದ್ದಕ್ಕೆ ಈ ಹೆಸರಿಡಲು ಬರುವುದಿಲ್ಲ. ಇದನ್ನು ಪತ್ತೆಹಚ್ಚಲು ರಾತ್ರಿ 11ರ ಹೊತ್ತಿಗೆ ಎಸಿಟಿಎಚ್ ಅಪ್ಪಣೆಯನ್ನು ನಿಲ್ಲಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು 1 ಮಿಲಿಗ್ರಾಂ ಕೊಟ್ಟು ಮರುದಿನ ಬೆಳಗ್ಗೆ ಒಟ್ಟು ಕಾರ್ಟಿಸಾಲ್ ನೋಡುತ್ತಾರೆ. ಆರೋಗ್ಯವಂತರಲ್ಲಿ ಅದು 1.8ಕ್ಕಿಂತ ಕೆಳಗಿಳಿಯುತ್ತದೆ. ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೀಟು ಜಾಸ್ತಿ ಇರುವುದರಿಂದ ಕಾಯಿಲೆ ಇಲ್ಲದಿದ್ದರೂ ಇಳಿಯದೇ ಇರಬಹುದು. ಅಂಥವರಿಗೆ ಎಂಜಲಿನ ಅಥವಾ ಮೂತ್ರದ ಪರೀಕ್ಷೆ ಉತ್ತಮ.

ಇನ್ನೊಂದು, ಕಡಿಮೆಯಾಗುವುದು. ತೂಕ ಇಳಿಯುತ್ತದೆ, ಬಿಪಿ ಬೀಳುತ್ತದೆ, ಎದ್ದರೆ ತಲೆ ಸುತ್ತುತ್ತದೆ. ಅಡ್ರಿನಲ್ ಗ್ರಂಥಿಯೇ ಹಾಳಾಗಿದ್ದರೆ ಉಪ್ಪು ತಿನ್ನಬೇಕೆನ್ನಿಸುತ್ತದೆ, ಅಂಗೈ ಗೆರೆಗಳು ಮತ್ತು ವಸಡು ಕಪ್ಪಾಗುತ್ತವೆ. ಅಡಿಸನ್ ಕಾಲದಲ್ಲಿ ಇದಕ್ಕೆ ದೊಡ್ಡ ಕಾರಣ ಕ್ಷಯ. ನಮ್ಮ ದೇಶದಲ್ಲಿ ಇಂದಿಗೂ ಕ್ಷಯ ಒಂದು ಮುಖ್ಯ ಕಾರಣವಾಗಿಯೇ ಇದೆ. ಬೆಳಗಿನ ಒಟ್ಟು ಕಾರ್ಟಿಸಾಲ್ 3ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಡುವಿನ ಸಂಖ್ಯೆಗಳು ಬಂದರೆ ಎಸಿಟಿಎಚ್ ಥರದ ಇಂಜೆಕ್ಷನ್ ಕೊಟ್ಟು ಅಡ್ರಿನಲ್ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ.

ಈ ಎರಡೂ ದಿಕ್ಕಿನಲ್ಲಿ, ರೋಗಿಯ ಲಕ್ಷಣ ಒಂದು ಹೇಳುತ್ತಿದ್ದು ಒಟ್ಟು ಸಂಖ್ಯೆ ಇನ್ನೊಂದು ಹೇಳುತ್ತಿರುವಾಗ, ಜೊತೆಗೆ ಪ್ರೋಟೀನಿನ ಏರುಪೇರು ಇರುವಾಗ, ರಕ್ತದ ಫ್ರೀ ಕಾರ್ಟಿಸಾಲ್ ಪರೀಕ್ಷೆ ಬೆಲೆಬಾಳುತ್ತದೆ. ಸಿರೋಸಿಸ್, ನೆಫ್ರೋಟಿಕ್ ಸಿಂಡ್ರೋಮ್, ಆಲ್ಬುಮಿನ್ ಕುಸಿದ ರೋಗಿ, ಈಸ್ಟ್ರೋಜೆನ್ ನಿಲ್ಲಿಸಲಾಗದವರು, ಇಷ್ಟೇ ಅದರ ಜಾಗ. ಆ ಪರೀಕ್ಷೆ ಸಿಗದ ಊರಿನಲ್ಲೂ ರಿಪೋರ್ಟಿನ ಆಲ್ಬುಮಿನ್ ಸಾಲನ್ನು ನೋಡಿದರೆ ವೈದ್ಯರಿಗೆ ಒಂದು ಸುಳಿವು ಸಿಗುತ್ತದೆ.

ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇದನ್ನು ತಪ್ಪದೆ ಓದಿ

ಕಾರ್ಟಿಸಾಲ್ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುವಾಗ ನಿಜವಾಗಿ ಅಪಾಯದಲ್ಲಿರುವವರ ಮಾತು ಹಿಂದೆ ಉಳಿದುಬಿಡುತ್ತದೆ. ಅದು ನನಗೆ ನೋವಿನ ವಿಷಯ. ಮಂಡಿನೋವಿಗೆ, ಉಬ್ಬಸಕ್ಕೆ, ಚರ್ಮದ ತೊಂದರೆಗೆ ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್ ಮಾತ್ರೆಗಳನ್ನು ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತಿಂಗಳುಗಟ್ಟಲೆ ತರುವವರು ಎಷ್ಟೋ ಮಂದಿ. ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲೂ ಇವು ಸೇರಿರುವುದುಂಟು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ.

ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ತೆಗೆದುಕೊಂಡವರು ಒಂದು ದಿನ ದಿಢೀರನೆ ನಿಲ್ಲಿಸಿದರೆ, ಅದೇ ಸಮಯಕ್ಕೆ ಜ್ವರವೋ ವಾಂತಿಭೇದಿಯೋ ಬಂದರೆ, ದೇಹಕ್ಕೆ ಬೇಕಾದಷ್ಟು ಕಾರ್ಟಿಸಾಲ್ ಇರುವುದಿಲ್ಲ. ವಾಂತಿ, ಹೊಟ್ಟೆನೋವು, ಬಿಪಿ ಕುಸಿತ, ಮಂಪರು ಬರುತ್ತದೆ. ಇದಕ್ಕೆ ಅಡ್ರಿನಲ್ ಕ್ರೈಸಿಸ್ ಎನ್ನುತ್ತಾರೆ. ಆಗ ಯಾವ ರಿಪೋರ್ಟಿಗೂ ಕಾಯುವುದಿಲ್ಲ. ದೊಡ್ಡವರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತಕ್ಷಣ ಕೊಟ್ಟು, ಡ್ರಿಪ್ ಹಾಕುತ್ತಾರೆ. ಹೈಡ್ರೋಕಾರ್ಟಿಸೋನ್ ಎಂದರೆ ಕಾರ್ಟಿಸಾಲೇ.

ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು, ಪ್ರಮಾಣ, ಶುರುಮಾಡಿದ ತಿಂಗಳು ಬರೆದ ಒಂದು ಚೀಟಿ ಪರ್ಸಿನಲ್ಲಿ ಇರಲಿ. ಉಬ್ಬಸದ ಇನ್‌ಹೇಲರ್, ಕೀಲಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರನ್ನೂ ಅದರಲ್ಲಿ ಬರೆಯಿರಿ, ಅವುಗಳಲ್ಲೂ ಸ್ಟೀರಾಯ್ಡ್ ಇರಬಹುದು. ಮಾತ್ರೆ ನಿಲ್ಲಿಸಬೇಕೆಂದರೆ ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅಡ್ರಿನಲ್ ಮತ್ತೆ ಎಚ್ಚೆತ್ತಿದೆಯೇ ಎಂದು ನೋಡಲು ಆಗ ಮಾಡಿಸುವ ಬೆಳಗಿನ ಕಾರ್ಟಿಸಾಲ್ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಆ ದಿನದ ಮಾತ್ರೆಯನ್ನು ರಕ್ತ ಕೊಡುವ ಮೊದಲು ನುಂಗಬೇಕೋ ಆಮೇಲೋ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.